ದಿಂಬಿನ ಕೆಳಗ ಪಾನಾ

ಆಕಿ ಸೈಕಲ್ ತಳ್ಳಿಕೋತ ಬಂದಳು
ಕೊಲ್ಹಾರ ಸೇತುವೆ ಕಡೆಯಿಂದ,
ಹಿಂದಿನ ಗಾಲಿ ಪೂರಾ ಕೂತಿತ್ತು.
ಎರಡೂ ಬಾಜು ಚೀಲ, ಚೀಲದ ಮ್ಯಾಲ ಒಣಗಾಕ ಹಾಕಿದ ಕಾಲುಚೀಲ.
ಮೂಗಿನ ತುದಿ ಬಿಸಿಲಿಗೆ ಸಿಪ್ಪಿ ಎದ್ದಿತ್ತು.

ಹೊತ್ತು ಮುಳಗಾಕ ಇನ್ನ ಎರಡು ತಾಸು.
ಹಳೇ ಟೈರಿನ ಮ್ಯಾಲ ಕೂತಾಂವ ಎದ್ದೆ.
ಅಷ್ಟಕ್ಕ ಆಕಿ ನಿಂತಳು.
ಎದ್ದದ್ದು ತಪ್ಪಾತು ಅಂತ ಮತ್ತ ಕೂತೆ.
ಕೂತದ್ದೂ ತಪ್ಪಾತೇನೋ.

ಯಾರರ ಅಂಜಬೇಕಾದ್ದ, ನನ್ನ ನೋಡಿ:
ಎಡಗಣ್ಣಿಗೆ ಹೂ ಬಿದ್ದೈತಿ,
ಮೊಣಕೈ ತನಕ ಗ್ರೀಸು,
ಕೈಯಾಗ ಟೈರು ಬಿಚ್ಚೂ ಕಬ್ಬಿಣದ ಪಟ್ಟಿ.
ಹಲ್ಲು ಗುಟಕಾದ್ದು, ನಕ್ಕರ ಇನ್ನೂ ಕೆಟ್ಟ.
ಅದಕ್ಕ ನಗಲಿಲ್ಲ.

ಚಾದಂಗಡಿ ಹುಡುಗರು ನಾಕು ಮಂದಿ ಬಂದು ಸುತ್ತಗಟ್ಟಿದರು.
ಒಬ್ಬ ಗಂಟಿ ಬಾರಿಸಿದ, ಒಬ್ಬ ಫೋಟೋ ಹೊಡದ,
ಒಬ್ಬ ‘ಮದಿವಿ ಆಗೈತೇನ್ರಿ’ ಅಂದ, ಕನ್ನಡದಾಗ, ಒದರಿ,
ಒದರಿದರ ತಿಳೀತೈತಿ ಅಂದಂಗ.
ಆಕಿ ಬಲಗೈ ಜೇಬಿಗೆ ಹೋತು. ಹೊರಗ ಬರಲಿಲ್ಲ.

ಜೇಬಿನಾಗ ಏನೈತಿ, ನನಗ ಗೊತ್ತು.
ಖಾರದ ನೀರಿನ ಡಬ್ಬಿ ಇದ್ದೀತು, ಸಣ್ಣ ಚಾಕು ಇದ್ದೀತು,
ಬರೇ ಮುಷ್ಟಿ ಇದ್ದೀತು.
ನನ್ನದು ಪಾನಾ ಇತ್ತು. ಹತ್ತೊಂಬತ್ತು ನಂಬರಿಂದು.

ದಮ್ಮಾಮದಿಂದ ಅಮ್ಮಾನ್ ತನಕ ಟ್ರೇಲರ್ ಹೊಡೀತಿದ್ದೆ ಆಗ.
ಉಸುಕು, ಡಾಂಬರು, ಉಸುಕು.
ಗಡಿ ಇನ್ನ ಅರವತ್ತು ಕಿಲೋಮೀಟರ್ ಇರತ ಬೆಲ್ಟ ಹರೀತು.
ಕತ್ತಲ್ಯಾಗ ಒಂದು ಪಿಕಪ್ ಬಂದು ಬಾಜೂಕ ನಿಂತು
ಮುಂದಿನ ದೀಪ ಆರಿಸಿತು.
ದೀಪ ಆರಿಸಿದ್ದಕ್ಕ ನನ್ನ ಎದಿ ನೀರಾತು.
ಇಳದಾಂವ ಮುದುಕ. ಏನೇನೋ ಅಂದ.
ನನಗ ಬರತಿದ್ದ ಅರಬಿ ‘ಹೇರು’, ‘ಇಳಿಸು’, ‘ಕಾಗದ’, ಅಷ್ಟ.
ಥರ್ಮಾಸ ಚಾಚಿದ. ಬ್ಯಾಡ ಅಂದೆ.
ಬಿಸ್ಮಿಲ್ಲಾ ಅಂದು ತಾನ ಮೊದಲ ಕುಡದ.
ಆದರೂ ಬ್ಯಾಡ ಅಂದೆ.
ಕಾಜು ಏರಿಸಿ, ದಿಂಬಿನ ಕೆಳಗ ಪಾನಾ ಹಿಡದು
ಕಣ್ಣ ತೆರದ ಮಲಗಿದೆ.

ಮುಂಜಾನೆ ನೋಡಿದರ ಪಿಕಪ್ ನನ್ನ ಗಾಡಿ ಹಿಂದ ನಿಂತಿತ್ತು.
ಕತ್ತಲ್ಯಾಗ ಬರಾವರು ಬಂದು ಬಡೀಬಾರದಂತ
ಇಡೀ ರಾತ್ರಿ ಹಿಂದಿನ ಕೆಂಪು ದೀಪ ಹಚ್ಚಿಟ್ಟು
ಮುದುಕನ ಬ್ಯಾಟರಿ ಸತ್ತಿತ್ತು.

ಮತ್ತ ಹಂಗಂತ, ಅಂಜಿಕಿ ಸುಳ್ಳಂತ ನಾ ಅನ್ನೂದಿಲ್ಲ.
ಅದ ವರ್ಷ ‘ನಮ್ಮ ಕಡೆ ರೊಟ್ಟಿ ಸಿಗತಾವ ಬಾ’ ಅಂದು
ಅಚ್ಚ ಕನ್ನಡದಾಗ ಕರದಾಂವ
ಆರು ತಿಂಗಳ ಪಗಾರ ನುಂಗಿದ.

ಪಂಪು, ಪ್ಯಾಚು, ಸಲೂಷನ್, ನೀರಿನ ಬೋಗುಣಿ
ಆಕಿಗೂ ನನಗೂ ನಟ್ಟನಡುವ ಇಟ್ಟೆ.
ಹತ್ತು ಹೆಜ್ಜಿ ಹಿಂದ ಸರದೆ. ಬೆನ್ನು ತಿರುವಿದೆ.
ಮೊಸರಿನ ಗುರುಬಾಯಿಗೆ ಒದರಿದೆ, ‘ಯವ್ವಾ, ಇಲ್ಲಿ ಬಂದು ಕೂಡು.’
ಬಂದಳು, ಗಡಗಿ ಸಮೇತ.
ಹುಡುಗರಿಗೆ ಅಂದ ಬೈಗುಳ ಇಲ್ಲಿ ಬರಿಯಾಕ ಬರೂದಿಲ್ಲ.

ಆಕಿ ಕೂತಳು. ಗಾಲಿ ಬಿಚ್ಚಿದಳು.
ತಿರುಗಿ ನೋಡಬಾರದು ಅಂದರೂ ನೋಡಿದೆ:
ಸಲೂಷನ್ ಆರೂ ಮೊದಲ ಪ್ಯಾಚು ಹಚ್ಚಾಕತ್ತಾಳ!
ಮೂವತ್ತು ವರ್ಷದ ಕೈ ಕಡಿಯಾಕತ್ತವು.
ನಾಲಿಗಿ ಕಚ್ಚಿ ಕೂತೆ.

ಮೊಸರು ತಿನ್ನಲಿಲ್ಲ. ಗುರುಬಾಯಿ ಸಿಟ್ಟಾಗಲಿಲ್ಲ,
ತಾನ ತಿಂದಳು.
ನೂರರ ನೋಟು ಬೋಗುಣಿ ಕೆಳಗ ಇಟ್ಟು, ಏನೋ ಅಂದು,
ಆಕಿ ಹೋದಳು ವಿಜಯಪುರದ ಕಡೆ.
ಜೇಬಿನ ಕೈ ಹ್ಯಾಂಡಲ್ಲಿಗೆ ಬಂದದ್ದು ತಿರುವು ದಾಟಿದ ಮ್ಯಾಲ.

ಆ ಪ್ಯಾಚು ಮುಳವಾಡ ದಾಟೂದಿಲ್ಲ.
ಅಲ್ಲಿ ಪಂಕ್ಚರಿನ ಸಂಗನಬಸುಗ ಫೋನ್ ಹಚ್ಚಿದೆ:
‘ಒಬ್ಬಾಕಿ ಬರತಾಳ. ನೀ ಏಳಬ್ಯಾಡ. ನಗಬ್ಯಾಡ.
ಪಂಪು ಹೊರಗಿಟ್ಟು ನಿಮ್ಮವ್ವನ್ನ ಕೂಡಿಸಿ ಒಳಗ ಹೋಗು.’
‘ಯಾರೋ ಆಕಿ, ನಿನಗೇನಾಗಬೇಕು?’
‘ಯಾರೋ’ ಅಂದೆ.